ಮತಪೆಟ್ಟಿಗೆಯೂ ಬಡವನ ಮನೆಯೂ



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಗಾದೆ. ಸ್ವಂತಕ್ಕೆ ಒಂದು ಮನೆ ಕಟ್ಟಿಕೊಳ್ಳುವುದೇ ಇಷ್ಟು ಕಷ್ಟವೆಂದ ಮೇಲೆ, ಮುಖವನ್ನೇ ಕಂಡಿರದ ಬಡವರಿಗಾಗಿ ಊರಿಗೆ ಊರೇ ಮತ ಹಾಕಿ, ತನ್ನ ಮೇಲೆ ತಾನೇ ತೆರಿಗೆ ಹೊರಿಸಿಕೊಂಡು ಮನೆ ಕಟ್ಟಿಸುವುದು ಎಷ್ಟು ಕಷ್ಟವಿರಬೇಡ? ಅಂಥದೊಂದು ಪ್ರಯತ್ನದ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದು ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ನಮ್ಮ ನಾಡಿನ ಸಾವಿರಾರು ಮಂದಿ ಇಂದು ಆ ರಾಜ್ಯದ ಸ್ಯಾನ್ ಹೋಸೆ, ಸನ್ನಿವೇಲ್, ಕ್ಯುಪರ್ಟಿನೊ ಮೊದಲಾದ ಊರುಗಳಲ್ಲಿ ನೆಲೆಸಿದ್ದಾರೆ. ಈ ಊರುಗಳೆಲ್ಲ ಸಾಂತಾ ಕ್ಲಾರಾ ಎಂಬ ಕೌಂಟಿಗೆ ಸೇರಿದವು. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂತೆ. ಅಲ್ಲಿ ಸ್ವಂತ ಮನೆಯುಳ್ಳವರಿಗೆ ಬರುವ ಆಸ್ತಿ ತೆರಿಗೆಯ ಚೀಟಿಯಲ್ಲಿ 2016ರ ವಸತಿ ಬಾಂಡಿನದೆಂದು ಒಂದು ಸಣ್ಣ ಸಾಲು ಇರುತ್ತದೆ. ಆ ಒಂದು ಸಾಲಿನ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ.

ಪ್ರಜೆಯ ಕೈಗೆ ಬಂದ ಆಯುಧ

ನಮ್ಮಲ್ಲಿ ಮತದಾನವೆಂದರೆ ವ್ಯಕ್ತಿಗಳನ್ನು ಆರಿಸುವುದು. ಆರಿಸಿ ಕಳುಹಿಸಿದ ಮೇಲೆ ಕಾನೂನು ಮಾಡುವುದು, ತೆರಿಗೆ ಹಾಕುವುದು ಅವರ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಅಲ್ಲಿನ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ ಪ್ರಶ್ನೆಗಳೂ ಇರುತ್ತವೆ: ಈ ಕಾನೂನು ಬೇಕೆ ಬೇಡವೆ, ಈ ತೆರಿಗೆ ಆಗಬಹುದೆ ಆಗದೆ, ಈ ಸಾಲ ಎತ್ತಬಹುದೆ ಬಾರದೆ ಎಂದು. ರಾಜ್ಯಕ್ಕೆಲ್ಲ ಅನ್ವಯಿಸುವ ಪ್ರಶ್ನೆಯನ್ನು ‘ಪ್ರೊಪೊಸಿಷನ್’ ಎಂದೂ ಊರಿಗೆ ಅಥವಾ ಕೌಂಟಿಗೆ ಮಾತ್ರ ಸಂಬಂಧಿಸಿದ್ದನ್ನು ಸಾಮಾನ್ಯವಾಗಿ ‘ಮೆಷರ್’ ಎಂದೂ ಕರೆಯುವುದು ರೂಢಿ. ಮತದಾರನು ಪ್ರತಿಯೊಂದಕ್ಕೂ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕು.

ಈ ಪದ್ಧತಿ ಬೆಳೆದದ್ದಕ್ಕೆ ಕಾರಣವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸದರನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಹಿಡಿತದಲ್ಲಿ ಆ ರಾಜ್ಯದ ಶಾಸನಸಭೆ ಸಿಕ್ಕಿಕೊಂಡಿತ್ತು. ಆ ಹಿಡಿತವನ್ನು ಮುರಿಯುವೆನೆಂದು ಹೊರಟು ಗವರ್ನರ್ ಆದವರು ಹೈರಮ್ ಜಾನ್ಸನ್. ಅವರ ಕಾಲದಲ್ಲಿ, 1911ರ ಅಕ್ಟೋಬರ್ 10ರಂದು, ಮತದಾರರು ಸಂವಿಧಾನಕ್ಕೆ ತಿದ್ದುಪಡಿ ತಂದು, ಸಹಿ ಸಂಗ್ರಹಿಸಿ ತಾವೇ ಕಾನೂನು ಸೂಚಿಸುವ, ಶಾಸನಸಭೆ ಮಾಡಿದ ಕಾನೂನನ್ನು ತಡೆಯುವ, ಆರಿಸಿದವರನ್ನು ಹಿಂದಕ್ಕೆ ಕರೆಸಿಕೊಳ್ಳುವ ಅಧಿಕಾರಗಳನ್ನು ಪಡೆದರು. ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದೂ ಅದೇ ದಿನ.

ಆದರೆ ಆಯುಧಕ್ಕೆ ವಿವೇಕವಿಲ್ಲ, ವಿವೇಕವಿರಬೇಕಾದದ್ದು ಹಿಡಿದ ಕೈಗೆ. ಇದಕ್ಕೆ ಭಾರತೀಯರಾದ ನಮಗೇ ನೇರವಾಗಿ ತಟ್ಟಿದ ಉದಾಹರಣೆಯಿದೆ. ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಬೇಸಾಯದ ಭೂಮಿಯನ್ನು ಕೊಳ್ಳಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಜಪಾನೀಯರನ್ನು ಗುರಿಯಾಗಿಸಿದ್ದ ಆ ಕಾನೂನನ್ನು 1920ರಲ್ಲಿ ಮತದಾರರೇ ಮತ ಹಾಕಿ ಇನ್ನಷ್ಟು ಬಿಗಿಗೊಳಿಸಿದರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ, ಅಲ್ಲಿ ಬೇಸಾಯಕ್ಕೆ ನಿಂತಿದ್ದ ಪಂಜಾಬಿ ರೈತರೂ ಈ ಕಾನೂನಿನ ಬಲೆಗೆ ಬಿದ್ದರು. ಅದನ್ನು ಕೊನೆಗೆ ಮತದಾರರೇ 1956ರಲ್ಲಿ ರದ್ದುಗೊಳಿಸಿದರು. ಅದೇ ಪೆಟ್ಟಿಗೆ ಬಾಗಿಲನ್ನು ಮುಚ್ಚಿತು, ಅದೇ ಪೆಟ್ಟಿಗೆ ತೆರೆಯಿತು. ಬಡವರ ವಸತಿಯ ವಿಷಯದಲ್ಲಿಯೂ ಹೀಗೆಯೇ ಆಯಿತೆಂಬುದನ್ನು ಮುಂದೆ ನೋಡುವಿರಿ.

1950: ಬಾಗಿಲಿಗೆ ಬೀಗ

ಅಮೆರಿಕದ ಕೇಂದ್ರ ಸರ್ಕಾರ ಬಡವರ ವಸತಿಗೆ ಹಣ ಕೊಡಲು ದೊಡ್ಡ ಪ್ರಮಾಣದಲ್ಲಿ ಮುಂದಾದದ್ದು 1937ರ ವಸತಿ ಕಾಯಿದೆಯಿಂದ. ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಅಧ್ಯಕ್ಷ ಟ್ರೂಮನ್ನರ ಕಾಲದಲ್ಲಿ ಇನ್ನೊಂದು ಕಾಯಿದೆ ಬಂದಿತು. ದೇಶದಾದ್ಯಂತ 8,10,000 ಸಾರ್ವಜನಿಕ ವಸತಿಗಳನ್ನು ಕಟ್ಟಿಸುವುದು ಅದರ ಗುರಿ. ಹಣ ಕೇಂದ್ರದ್ದು, ಕಟ್ಟಿ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವ ಹೊಣೆ ಆಯಾ ಊರಿನ ವಸತಿ ಪ್ರಾಧಿಕಾರದ್ದು.

ಕ್ಯಾಲಿಫೋರ್ನಿಯಾದ ಉತ್ತರ ತುದಿಯಲ್ಲಿ ಯುರೀಕಾ ಎಂಬ ಮರಮುಟ್ಟಿನ ವ್ಯಾಪಾರದ ಊರಿದೆ. ಅಲ್ಲಿನ ವಸತಿ ಪ್ರಾಧಿಕಾರವು ಕೇಂದ್ರದ ನೆರವಿಗೆ ಅರ್ಜಿ ಹಾಕಲು ಹೊರಟಾಗ ಕೆಲವು ನಾಗರಿಕರು, ಇದನ್ನು ಮೊದಲು ನಮ್ಮ ಮತಕ್ಕೆ ಹಾಕಬೇಕೆಂದು ಪಟ್ಟು ಹಿಡಿದರು. ವಿಷಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಇದು ಆಡಳಿತದ ಕಾರ್ಯವೇ ಹೊರತು ಶಾಸನವಲ್ಲ, ಆದ್ದರಿಂದ ಜನಮತಕ್ಕೆ ಹಾಕಬೇಕಾಗಿಲ್ಲ ಎಂದು 1950ರಲ್ಲಿ ನ್ಯಾಯಾಲಯ ಹೇಳಿತು. ನ್ಯಾಯಾಲಯ ಮುಚ್ಚಿದ ದಾರಿಯನ್ನು ಸಂವಿಧಾನವನ್ನೇ ತಿದ್ದಿ ತೆರೆಯುವುದೆಂದು ವಿರೋಧಿಗಳು ನಿಶ್ಚಯಿಸಿದರು. ಮನೆ-ನಿವೇಶನ ವ್ಯಾಪಾರಿಗಳ ರಾಜ್ಯ ಸಂಘ ಅವರ ಬೆಂಬಲಕ್ಕೆ ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ‘ಪ್ರೊಪೊಸಿಷನ್ 10’ ಮತಪತ್ರಕ್ಕೆ ಬಂದಿತು, ಅತ್ಯಲ್ಪ ಅಂತರದಲ್ಲಿ ಗೆದ್ದಿತು, ಮತ್ತು ರಾಜ್ಯ ಸಂವಿಧಾನದ 34ನೆಯ ವಿಧಿಯಾಗಿ ಕುಳಿತಿತು.

ಆ ವಿಧಿಯ ತಾತ್ಪರ್ಯ ಇಷ್ಟು: ಯಾವುದೇ ಸಾರ್ವಜನಿಕ ಸಂಸ್ಥೆ ಕಡಿಮೆ ಬಾಡಿಗೆಯ ವಸತಿಯನ್ನು ಕಟ್ಟುವ ಅಥವಾ ಕೊಳ್ಳುವ ಮೊದಲು ಆ ಊರಿನ ಮತದಾರರ ಬಹುಮತದ ಒಪ್ಪಿಗೆ ಪಡೆಯಬೇಕು. ಗಮನಿಸಬೇಕಾದ ಅಂಶವೆಂದರೆ, ಈ ಕಟ್ಟಳೆ ಬಡವರ ಮನೆಗೆ ಮಾತ್ರ. ಸಿರಿವಂತರಿಗಾಗಿ ನೂರು ಮನೆ ಕಟ್ಟಲು ಯಾರ ಮತವನ್ನೂ ಕೇಳಬೇಕಾಗಿರಲಿಲ್ಲ.

ಇದೇ ಕಾಲದಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಇನ್ನೊಂದು ಪ್ರಕರಣ ನಡೆಯುತ್ತಿತ್ತು. 1949ರಲ್ಲಿ ಅಲ್ಲಿನ ನಗರಸಭೆ 10,000 ಸಾರ್ವಜನಿಕ ವಸತಿಗಳಿಗೆ ಒಪ್ಪಿಗೆ ಕೊಟ್ಟಿತ್ತು. ಅದರ ಒಂದು ದೊಡ್ಡ ಪಾಲು ಬರಬೇಕಾಗಿದ್ದದ್ದು ಚಾವೆಸ್ ರವೀನ್ ಎಂಬ ಗುಡ್ಡಗಾಡಿನ ಬಡಾವಣೆಯಲ್ಲಿ. ಅಲ್ಲಿ ಪಾಲೊ ವೆರ್ದೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಲ್ಲಿ ಬಹುಮಟ್ಟಿಗೆ ಮೆಕ್ಸಿಕೊ ಮೂಲದ ನೂರಾರು ಕುಟುಂಬಗಳು ವಾಸವಾಗಿದ್ದವು. ರಿಚರ್ಡ್ ನ್ಯೂಟ್ರಾ, ರಾಬರ್ಟ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿಗಳು ನಕ್ಷೆಯನ್ನೂ ಬರೆದರು. ಹೊಸ ವಸತಿಯಲ್ಲಿ ನಿಮಗೇ ಮೊದಲ ಅವಕಾಶವೆಂದು ಆ ಕುಟುಂಬಗಳಿಗೆ 1950ರಲ್ಲಿ ಪತ್ರ ಕಳುಹಿಸಿ ಜಾಗ ಬಿಡಿಸಲಾಯಿತು.

ಅಷ್ಟರಲ್ಲಿ ಗಾಳಿ ತಿರುಗಿತು. ಅದು ಕಮ್ಯುನಿಸ್ಟರೆಂದರೆ ಬೆಚ್ಚಿಬೀಳುತ್ತಿದ್ದ ಕಾಲ. ಸರ್ಕಾರ ಮನೆ ಕಟ್ಟಿಸುವುದೇ ಸಮಾಜವಾದವೆಂಬ ಕೂಗೆದ್ದಿತು. ವಸತಿ ಪ್ರಾಧಿಕಾರದ ಅಧಿಕಾರಿ ಫ್ರಾಂಕ್ ವಿಲ್ಕಿನ್ಸನ್ ತಮ್ಮ ರಾಜಕೀಯ ಸಂಬಂಧಗಳ ಬಗೆಗಿನ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿ ಕೆಲಸ ಕಳೆದುಕೊಂಡರು. 1952ರ ಜೂನ್ ತಿಂಗಳಲ್ಲಿ ನಗರದ ಮತದಾರರು ಯೋಜನೆಗೆ ‘ಇಲ್ಲ’ ಎಂದರು. ಕೇಂದ್ರದೊಡನೆ ಒಪ್ಪಂದ ಆಗಲೇ ಆಗಿದ್ದರಿಂದ ಆ ಮತಕ್ಕೆ ಕಾನೂನಿನ ಬಲವಿರಲಿಲ್ಲ. ಆದರೆ ರಾಜಕೀಯದ ಬಲವಿತ್ತು. ಮರುವರ್ಷ ಯೋಜನೆಯನ್ನು ಬೆಂಬಲಿಸಿದ್ದ ಮೇಯರ್ ಫ್ಲೆಚರ್ ಬೌರನ್ ಸೋತು, ವಿರೋಧಿಸಿದ್ದ ನಾರಿಸ್ ಪೋಲ್ಸನ್ ಗೆದ್ದರು. ಚಾವೆಸ್ ರವೀನಿನ ಯೋಜನೆ ಬಿದ್ದುಹೋಯಿತು. 1958ರಲ್ಲಿ ಮತ್ತೊಂದು ಮತದಾನ ನಡೆದು, ಆ ಜಾಗ ಡಾಜರ್ಸ್ ಎಂಬ ಬೇಸ್‌ಬಾಲ್ ತಂಡಕ್ಕೆ ಸಂದಿತು. ಉಳಿದಿದ್ದ ಕೆಲವೇ ಕುಟುಂಬಗಳನ್ನು 1959ರ ಮೇ ತಿಂಗಳಲ್ಲಿ ಬಲವಂತವಾಗಿ ಹೊರಹಾಕಲಾಯಿತು. 1962ರಲ್ಲಿ ಅಲ್ಲಿ ಕ್ರೀಡಾಂಗಣ ಆರಂಭವಾಯಿತು. ಮನೆಗೆಂದು ಬಿಡಿಸಿಕೊಂಡ ನೆಲದಲ್ಲಿ ಮನೆಯೊಂದನ್ನು ಬಿಟ್ಟು ಮಿಕ್ಕೆಲ್ಲವೂ ಆಯಿತು.

ಸ್ಯಾನ್ ಹೋಸೆಯ ‘ಇಲ್ಲ’ ಮತ್ತು ಒಂದು ತೀರ್ಪು

34ನೆಯ ವಿಧಿಯ ಪ್ರಕಾರ 1968ರಲ್ಲಿ ಸ್ಯಾನ್ ಹೋಸೆಯ ಮತದಾರರ ಮುಂದೆ ಕಡಿಮೆ ಬಾಡಿಗೆಯ ವಸತಿಯ ಪ್ರಸ್ತಾವ ಬಂದಿತು. ಅವರು ಅದನ್ನು ತಿರಸ್ಕರಿಸಿದರು. ನೆರೆಯ ಸ್ಯಾನ್ ಮಟೇಯೊ ಕೌಂಟಿಯಲ್ಲಿಯೂ ಹೀಗೆಯೇ ಆಯಿತು. ವಸತಿಗಾಗಿ ಕಾದಿದ್ದ ಬಡ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬಡವರಿಗೆ ಮಾತ್ರ ಈ ಹೆಚ್ಚುವರಿ ಅಡ್ಡಿ ಒಡ್ಡುವುದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಅವರ ವಾದ. ಮೂವರು ನ್ಯಾಯಾಧೀಶರ ಕೇಂದ್ರ ನ್ಯಾಯಾಲಯ ಇದನ್ನು ಒಪ್ಪಿತು. ಆದರೆ ಮೇಲ್ಮನವಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1971ರ ಏಪ್ರಿಲ್ 26ರಂದು, ಐವರು ಒಂದು ಕಡೆ ಮೂವರು ಇನ್ನೊಂದು ಕಡೆಯಾಗಿ, ಆ ತೀರ್ಪನ್ನು ತಳ್ಳಿಹಾಕಿತು. ‘ಜೇಮ್ಸ್ ವಿರುದ್ಧ ವಲ್ಟಿಯೆರಾ’ ಎಂದು ಆ ಮೊಕದ್ದಮೆಗೆ ಹೆಸರು.

ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್. ತಮ್ಮ ಊರಿನ ಬೊಕ್ಕಸಕ್ಕೆ ಹೊರೆ ತರಬಹುದಾದ ನಿರ್ಧಾರದಲ್ಲಿ ಜನರಿಗೆ ಮಾತಿರಬೇಕೆನ್ನುವುದು ಪ್ರಜಾಪ್ರಭುತ್ವದ ಮೇಲಿನ ನಿಷ್ಠೆಯೇ ಹೊರತು ಪಕ್ಷಪಾತವಲ್ಲ ಎಂಬುದು ಅವರ ನಿಲುವು. ಭಿನ್ನಮತ ಬರೆದವರು ತರ್ಗುಡ್ ಮಾರ್ಷಲ್. ಆ ನ್ಯಾಯಾಲಯದ ಮೊದಲ ಕಪ್ಪು ವರ್ಣೀಯ ನ್ಯಾಯಮೂರ್ತಿ. ಮಾಜಿ ಸೈನಿಕರಿಗೋ ಸರ್ಕಾರಿ ನೌಕರರಿಗೋ ವಸತಿ ಕಟ್ಟಲು ಬೇಡವಾದ ಮತದಾನ ಬಡವರಿಗೆ ಕಟ್ಟುವಾಗ ಮಾತ್ರ ಏಕೆ ಬೇಕು? ಬಡತನವನ್ನೇ ಆಧಾರವಾಗಿಟ್ಟು ಜನರನ್ನು ಬೇರ್ಪಡಿಸುವ ಕಾನೂನನ್ನು ನ್ಯಾಯಾಲಯ ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕಾಗಿತ್ತು ಎಂಬುದು ಅವರ ಪ್ರಶ್ನೆಯ ಸಾರ.

ನನ್ನ ಮಟ್ಟಿಗೆ ಹೇಳುವುದಾದರೆ, ಇಬ್ಬರ ಮಾತಿನಲ್ಲಿಯೂ ತಿರುಳಿದೆ. ತೆರಿಗೆ ತೆರುವವನ ಒಪ್ಪಿಗೆ ಪಡೆಯಬೇಕೆಂಬುದು ಸರಿ. ಆದರೆ ಆ ಒಪ್ಪಿಗೆಯನ್ನು ದುರ್ಬಲನ ಬಾಗಿಲಲ್ಲಿ ಮಾತ್ರ ಕೇಳುವುದು ಯಾವ ನ್ಯಾಯ?

34ನೆಯ ವಿಧಿಯನ್ನು ತೆಗೆಯಲು ಅಥವಾ ಸಡಿಲಿಸಲು 1974, 1980 ಮತ್ತು 1993ರಲ್ಲಿ ಪ್ರಯತ್ನಗಳು ನಡೆದವು. ಮೂರು ಸಲವೂ ಮತದಾರರು ಒಪ್ಪಲಿಲ್ಲ. 2024ರ ಮತಪತ್ರದಲ್ಲಿ ಬರಬೇಕಾಗಿದ್ದ ರದ್ದತಿಯ ಪ್ರಸ್ತಾವವನ್ನು ಶಾಸನಸಭೆಯೇ ಮೊದಲೇ ಹಿಂದಕ್ಕೆ ತೆಗೆದುಕೊಂಡಿತು. ಬೀಗವನ್ನು ತೆಗೆಯಲಾಗದೆ ಹೋದಾಗ ಜನ ಹಿತ್ತಿಲ ದಾರಿಗಳನ್ನು ಕಂಡುಕೊಂಡರು. ಖಾಸಗಿಯವರು ಅಥವಾ ಲಾಭರಹಿತ ಸಂಸ್ಥೆಗಳು ಕಟ್ಟುವ ಸಮುಚ್ಚಯದಲ್ಲಿ ಬಡವರ ಪಾಲನ್ನು ನೂರಕ್ಕೆ 49ಕ್ಕೆ ನಿಲ್ಲಿಸುವುದು ಒಂದು ದಾರಿ. ಇಂಥದೇ ಜಾಗವೆಂದು ಹೇಳದೆ, ಊರಿನಲ್ಲಿ ಇಷ್ಟು ಸಾವಿರ ಮನೆಗಳಿಗೆ ಒಟ್ಟಾಗಿ ಮುಂಗಡ ಒಪ್ಪಿಗೆ ಕೇಳುವುದು ಇನ್ನೊಂದು. ಈ ಎರಡನೆಯ ಬಗೆಯ ಪ್ರಶ್ನೆಗೆ ಮತದಾರರು ಸಾಮಾನ್ಯವಾಗಿ ‘ಹೌದು’ ಎನ್ನುತ್ತಲೇ ಬಂದಿದ್ದಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂರರಲ್ಲಿ ಎರಡು ಪಾಲು

ಬೀಗ ಒಂದೇ ಆಗಿರಲಿಲ್ಲ. ಊರೋ ಕೌಂಟಿಯೋ ಬಾಂಡುಗಳ ಮೂಲಕ ಸಾಲ ಎತ್ತಬೇಕಾದರೆ ಮತದಾರರಲ್ಲಿ ಮೂರನೆಯ ಎರಡರಷ್ಟು ಮಂದಿ ಒಪ್ಪಬೇಕೆಂಬ ನಿಯಮ 1879ರ ಸಂವಿಧಾನದಿಂದಲೇ ಬಂದದ್ದು. 1978ರ ಜೂನ್ ತಿಂಗಳಲ್ಲಿ ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಎಂಬಿಬ್ಬರ ನೇತೃತ್ವದಲ್ಲಿ ‘ಪ್ರೊಪೊಸಿಷನ್ 13’ ಗೆದ್ದಿತು. ಆಸ್ತಿ ತೆರಿಗೆ ಮೌಲ್ಯದ ನೂರಕ್ಕೆ ಒಂದನ್ನು ಮೀರಬಾರದು, ಆಸ್ತಿ ಕೈಬದಲಾಗುವವರೆಗೆ ಆ ಮೌಲ್ಯ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಬಾರದು, ಸ್ಥಳೀಯ ವಿಶೇಷ ತೆರಿಗೆಗೆ ಮೂರನೆಯ ಎರಡರಷ್ಟು ಮತ ಬೇಕು ಎಂದು ಅದು ವಿಧಿಸಿತು. ಏರುತ್ತಿದ್ದ ತೆರಿಗೆಯಿಂದ ಸ್ವಂತ ಮನೆಯನ್ನೇ ಕಳೆದುಕೊಳ್ಳುವ ಭಯದಲ್ಲಿದ್ದ ವೃದ್ಧರಿಗೆ ಇದು ವರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಊರುಗಳ ಕೈ ಕಟ್ಟಿದಂತೆಯೂ ಆಯಿತು. ಆಸ್ತಿ ತೆರಿಗೆಯಿಂದ ತೀರಿಸುವ ಬಾಂಡುಗಳನ್ನು ಎತ್ತುವ ಅವಕಾಶ ಊರುಗಳಿಗೆ ಮರಳಿ ದೊರೆತದ್ದು 1986ರಲ್ಲಿ, ಇನ್ನೊಂದು ಮತದಾನದಿಂದ. ಮೂರನೆಯ ಎರಡರ ನಿಯಮ ಹಾಗೆಯೇ ಉಳಿಯಿತು. ಶಾಲಾ ಕಟ್ಟಡಗಳ ಬಾಂಡುಗಳಿಗೆ ಮಾತ್ರ 2000ದಲ್ಲಿ ನೂರಕ್ಕೆ 55 ಸಾಕೆಂದು ಸಡಿಲಿಸಲಾಯಿತು.

ಈ ನಿಯಮದ ಲೆಕ್ಕವನ್ನು ಒಮ್ಮೆ ನೋಡಿ. ನೂರರಲ್ಲಿ 66 ಮಂದಿ ‘ಹೌದು’ ಎಂದು 34 ಮಂದಿ ‘ಇಲ್ಲ’ ಎಂದರೆ ಗೆಲ್ಲುವುದು ‘ಇಲ್ಲ’. ನನ್ನ ಗಣಿತದ ಸಹೋದ್ಯೋಗಿಗಳಿಗೂ ಇದನ್ನು ಬಹುಮತವೆಂದು ಸಾಧಿಸುವುದು ಕಷ್ಟವಾದೀತು.

ಇದರ ಮೇಲೆ 2012ರ ಫೆಬ್ರವರಿ 1ರಂದು ಇನ್ನೊಂದು ಪೆಟ್ಟು ಬಿದ್ದಿತು. ಊರಿನ ಹಳೆಯ ಭಾಗಗಳನ್ನು ಪುನರ್ನಿರ್ಮಿಸುವ ಸಂಸ್ಥೆಗಳು ತಮ್ಮ ತೆರಿಗೆ ಆದಾಯದ ಐದನೆಯ ಒಂದು ಪಾಲನ್ನು ಕೈಗೆಟುಕುವ ವಸತಿಗೆ ಮೀಸಲಿಡಬೇಕಾಗಿತ್ತು. ರಾಜ್ಯದ ಬೊಕ್ಕಸ ಬರಿದಾದಾಗ ಆ ಸಂಸ್ಥೆಗಳನ್ನೇ ಮುಚ್ಚಲಾಯಿತು. ವಸತಿಗೆ ಇದ್ದ ಸ್ಥಿರವಾದ ಸ್ಥಳೀಯ ಹಣದ ಮೂಲ ಒಣಗಿತು. ಅದೇ ವರ್ಷಗಳಲ್ಲಿ ಕಂಪ್ಯೂಟರ್ ಉದ್ಯಮದ ಸಂಬಳಗಳೊಡನೆ ಬಾಡಿಗೆಯೂ ಗಗನಕ್ಕೇರುತ್ತಿತ್ತು. ಮಕ್ಕಳಿಗೆ ಪಾಠ ಹೇಳುವವರು, ಆಸ್ಪತ್ರೆಯಲ್ಲಿ ಆರೈಕೆ ಮಾಡುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಕೆಲಸದ ಊರಿನಲ್ಲಿ ಬಾಡಿಗೆ ಕೊಡಲಾರದೆ ಗಂಟೆಗಟ್ಟಲೆ ಪ್ರಯಾಣಿಸುವಂತಾಯಿತು. ಕೆಲವರು ಕಾರಿನಲ್ಲಿಯೇ ಮಲಗಿದರು.

2016: ಅದೇ ಪೆಟ್ಟಿಗೆ, ಬೇರೆ ಉತ್ತರ

ಈ ಹಿನ್ನೆಲೆಯಲ್ಲಿ 2016ರ ನವೆಂಬರಿನಲ್ಲಿ ಸಾಂತಾ ಕ್ಲಾರಾ ಕೌಂಟಿಯ ಮತಪತ್ರದಲ್ಲಿ ‘ಮೆಷರ್ ಎ’ ಬಂದಿತು. ವಸತಿಗಾಗಿ 95 ಕೋಟಿ ಡಾಲರ್ ಬಾಂಡ್ ಎತ್ತಲು ಒಪ್ಪಿಗೆಯೆ ಎಂಬುದು ಪ್ರಶ್ನೆ. ಅದರಲ್ಲಿ 70 ಕೋಟಿ ಅತ್ಯಂತ ಕಡಿಮೆ ಆದಾಯದವರ ಮನೆಗಳಿಗೆ, ಅಂದರೆ ಆ ಪ್ರದೇಶದ ಮಧ್ಯಮ ಆದಾಯದ ನೂರಕ್ಕೆ 30ಕ್ಕಿಂತ ಕಡಿಮೆ ಗಳಿಸುವವರಿಗೆ; ಉಳಿದದ್ದು ಅವರಿಗಿಂತ ಸ್ವಲ್ಪ ಮೇಲಿನ ವರ್ಗಗಳಿಗೆ. ಒಟ್ಟು 4,800 ಮನೆಗಳ ಗುರಿ. ತೆರಿಗೆಯ ಹೊರೆ ಒಂದು ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ ಹನ್ನೆರಡು ಹದಿಮೂರು ಡಾಲರೆಂದು ಅಂದಾಜು. ಬೇಕಾಗಿದ್ದದ್ದು ನೂರಕ್ಕೆ 66.67 ಮತ, ದೊರೆತದ್ದು ಸುಮಾರು 68. ಕೂದಲೆಳೆಯ ಅಂತರವೆನ್ನಬಹುದು.

1968ರಲ್ಲಿ ‘ಇಲ್ಲ’ ಎಂದ ಸ್ಯಾನ್ ಹೋಸೆ ಇದೇ ಕೌಂಟಿಯ ದೊಡ್ಡ ಊರೆಂಬುದನ್ನು ಮರೆಯಬಾರದು. ಅಂದು ಸರಳ ಬಹುಮತವೂ ಸಿಗದ ಕಡೆ ನಲವತ್ತೆಂಟು ವರ್ಷಗಳ ನಂತರ ಮೂರನೆಯ ಎರಡರಷ್ಟು ಸಿಕ್ಕಿತು. ಅದೇ ದಿನ ನೆರೆಯ ಅಲಮೇಡಾ ಕೌಂಟಿ 58 ಕೋಟಿ ಡಾಲರಿಗೆ ಒಪ್ಪಿಗೆ ಕೊಟ್ಟಿತು. ಲಾಸ್ ಏಂಜಲೀಸ್ ನಗರದ ಮತದಾರರು ‘ಪ್ರೊಪೊಸಿಷನ್ ಎಚ್‌ಎಚ್‌ಎಚ್’ ಎಂಬುದಕ್ಕೆ ನೂರಕ್ಕೆ ಸುಮಾರು 77ರಷ್ಟು ಮತವಿತ್ತು 120 ಕೋಟಿ ಡಾಲರ್ ಕೊಟ್ಟರು. ನೆಲೆಯಿಲ್ಲದವರಿಗೆ ಸುಮಾರು 10,000 ಮನೆಗಳನ್ನು ಕಟ್ಟುವುದು ಅದರ ಗುರಿ. 1949ರಲ್ಲಿ ಅದೇ ನಗರ ಒಪ್ಪಿ ಆಮೇಲೆ ಕೈಬಿಟ್ಟ ಸಂಖ್ಯೆಯೂ 10,000.

ಬಾಂಡ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಕಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಕೌಂಟಿಯು ಹೂಡಿಕೆದಾರರಿಗೆ ಸಾಲಪತ್ರಗಳನ್ನು ಮಾರಿ ಹಣ ಪಡೆಯುತ್ತದೆ. ಆ ಸಾಲವನ್ನು ಬಡ್ಡಿಸಹಿತ ಆಸ್ತಿ ತೆರಿಗೆಯ ಹೆಚ್ಚುವರಿ ಸಾಲಿನಿಂದ ವರ್ಷವರ್ಷ ತೀರಿಸುತ್ತದೆ. ಕೈಗೆ ಬಂದ ಹಣವನ್ನು ಮನೆ ಕಟ್ಟುವ ಸಂಸ್ಥೆಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲವಾಗಿ ಕೊಡುತ್ತದೆ. ಒಂದೇ ಮೂಲದ ಹಣದಲ್ಲಿ ಕಟ್ಟಡ ಏಳುವುದಿಲ್ಲ. ಕೇಂದ್ರ ಸರ್ಕಾರವು 1986ರಿಂದ ಕೊಡುತ್ತಿರುವ ತೆರಿಗೆ ರಿಯಾಯಿತಿ, ರಾಜ್ಯದ ನೆರವು, ಬ್ಯಾಂಕಿನ ಸಾಲ ಎಲ್ಲವೂ ಕೂಡಬೇಕು. ಪ್ರತಿಯಾಗಿ ಆ ಮನೆಗಳ ಬಾಡಿಗೆ ಸಾಮಾನ್ಯವಾಗಿ 55 ವರ್ಷ ಮಿತಿಯೊಳಗೇ ಇರಬೇಕೆಂಬ ಕರಾರು ಜಮೀನಿನ ಪತ್ರಕ್ಕೇ ಅಂಟಿಕೊಳ್ಳುತ್ತದೆ.

ಹಣಕ್ಕೆ ಹೌದು, ನೆರೆಗೆ?

ಹಾಗಾದರೆ ಐವತ್ತು ವರ್ಷಗಳಲ್ಲಿ ಜನರ ಮನಸ್ಸು ಬದಲಾಯಿತೆ? ಸ್ವಲ್ಪ ಬದಲಾಗಿರಬಹುದು. ಆದರೆ ನನಗೆ ತೋರುವಂತೆ, ಮನಸ್ಸಿಗಿಂತ ಹೆಚ್ಚಾಗಿ ಬದಲಾದದ್ದು ಪ್ರಶ್ನೆ. 1950ರ ವಿಧಿ ಮತದಾರನನ್ನು ಕೇಳುವುದು, “ಈ ಬಡವರ ಮನೆ ನಿನ್ನ ಊರಿಗೆ ಬರಬಹುದೆ?” ಎಂದು. 2016ರ ಮತಪತ್ರ ಕೇಳಿದ್ದು, “ಬಡವರ ಮನೆಗೆ ನೀನು ಇಷ್ಟು ಕೊಡುವೆಯಾ?” ಎಂದು. ಮೊದಲನೆಯದು ನೆರೆಯ ಪ್ರಶ್ನೆ, ಎರಡನೆಯದು ದಾನದ ಪ್ರಶ್ನೆ. ದಾನ ಕೇಳಿದಾಗ ಮನುಷ್ಯ ಉದಾರಿ. ಪಕ್ಕದಲ್ಲಿ ಜಾಗ ಕೇಳಿದಾಗ ಅವನೇ ಬೇರೆ. ಜಾಗ ಹೇಳದೆ ಸಾವಿರ ಮನೆಗೆ ಮುಂಗಡ ಒಪ್ಪಿಗೆ ಕೇಳಿದಾಗಲೂ ಜನ ‘ಹೌದು’ ಎಂದರೆಂದು ಮೇಲೆ ಹೇಳಿದೆನಲ್ಲ, ಅದು ಇದಕ್ಕೇ.

ಆದರೆ ಹಣ ಬಂದ ಮೇಲೆ ಮನೆ ಎಲ್ಲಿಯಾದರೂ ನಿಲ್ಲಲೇಬೇಕು, ಆಕಾಶದಲ್ಲಿ ಕಟ್ಟಲಾಗದು. ನೆರೆಯ ಪ್ರಶ್ನೆ ಬೇರೆ ವೇಷದಲ್ಲಿ ಮರಳಿ ಬಂದೇ ಬರುತ್ತದೆ. ಲಾಸ್ ಏಂಜಲೀಸಿನಲ್ಲಿ ವಸತಿಯೊಂದಕ್ಕೆ ನಗರದ ಹಣ ಸಿಗಬೇಕಾದರೆ ಆಯಾ ಕ್ಷೇತ್ರದ ನಗರಸಭಾ ಸದಸ್ಯರ ಪತ್ರ ಬೇಕಾಗಿತ್ತು. ಸದಸ್ಯರು ಪತ್ರ ಕೊಡದೆ ಸುಮ್ಮನೆ ಕುಳಿತರೆ ಯೋಜನೆ ಅಲ್ಲಿಗೆ ನಿಂತಿತು. ನಗರದ ಮುಕ್ಕಾಲು ಪಾಲು ಮತದಾರರು ‘ಹೌದು’ ಎಂದದ್ದನ್ನು ಒಬ್ಬ ವ್ಯಕ್ತಿಯ ಮೌನ ‘ಇಲ್ಲ’ವಾಗಿಸಬಲ್ಲುದಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ! 2018ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಈ ಪತ್ರದ ಪದ್ಧತಿಯನ್ನು ತೆಗೆದುಹಾಕಿತು. ಅದೇ ವರ್ಷ ಹದಿನೈದು ಕ್ಷೇತ್ರಗಳ ಸದಸ್ಯರೂ ತಮ್ಮ ತಮ್ಮ ಕ್ಷೇತ್ರದಲ್ಲಿ ಕನಿಷ್ಠ 222 ಮನೆಗಳಿಗೆ ಒಪ್ಪಿಗೆ ಕೊಡುವುದಾಗಿ ಮಾತು ಕೊಟ್ಟರು. ಮಾತು ಕೊಡಿಸಬೇಕಾಗಿ ಬಂದದ್ದೇ ವ್ಯಾಧಿ ಏನೆಂಬುದನ್ನು ಹೇಳುತ್ತದೆ.

ವಿಳಂಬಕ್ಕೆ ಬೆಲೆಯಿದೆ. ನಗರದ ಲೆಕ್ಕಪರಿಶೋಧಕರು 2022ರಲ್ಲಿ ತಿಳಿಸಿದಂತೆ, ನಿರ್ಮಾಣದಲ್ಲಿದ್ದ ಮನೆಗಳ ಸರಾಸರಿ ವೆಚ್ಚ ಒಂದಕ್ಕೆ ಸುಮಾರು 6 ಲಕ್ಷ ಡಾಲರ್. ಒಂದು ಯೋಜನೆಯಲ್ಲಿ ಅದು 8 ಲಕ್ಷವನ್ನೂ ದಾಟಿತ್ತು. ಮತ ಹಾಕಿದವರಿಗೆ ಬೇಸರವಾದದ್ದು ಸಹಜ. ಸಾಂತಾ ಕ್ಲಾರಾದಲ್ಲಿ ಹತ್ತಾರು ಸಮುಚ್ಚಯಗಳಿಗೆ ಹಣ ಹಂಚಿಕೆಯಾಗಿ ಅನೇಕ ಮನೆಗಳಲ್ಲಿ ದೀಪ ಹತ್ತಿದೆಯಾದರೂ, ಬೇಡಿಕೆಯ ಮುಂದೆ ಅದು ಅರೆಕಾಸಿನ ಮಜ್ಜಿಗೆ.

ಇದಕ್ಕಿಂತ ನಿಧಾನವಾದ, ಆದರೆ ಸ್ಥಿರವಾದ ದಾರಿಯೊಂದನ್ನು ಉತ್ತರದ ಸಿಯಾಟಲ್ ನಗರ ಹಿಡಿದಿದೆ. ಅಲ್ಲಿನವರು 1981ರಲ್ಲಿ ವೃದ್ಧರ ವಸತಿಗಾಗಿ ಸುಮಾರು 4.8 ಕೋಟಿ ಡಾಲರಿನ ಬಾಂಡಿಗೆ ಒಪ್ಪಿದರು. ಆಮೇಲೆ 1986, 1995, 2002, 2009, 2016 ಮತ್ತು 2023ರಲ್ಲಿ ನಿಯತಾವಧಿಯ ವಸತಿ ತೆರಿಗೆಗೆ ಮತವಿತ್ತರು. 2016ರಲ್ಲಿ ಏಳು ವರ್ಷಕ್ಕೆ 29 ಕೋಟಿ, 2023ರಲ್ಲಿ ಏಳು ವರ್ಷಕ್ಕೆ 97 ಕೋಟಿ ಡಾಲರ್. ಅಲ್ಲಿ ಈ ತೆರಿಗೆಗೆ ಸರಳ ಬಹುಮತ ಸಾಕು. ಅವಧಿ ಮುಗಿದಾಗ ನಗರ ತನ್ನ ಲೆಕ್ಕದೊಡನೆ ಮತದಾರರ ಮುಂದೆ ಮತ್ತೆ ಬಂದು ನಿಲ್ಲಬೇಕು. ಕೊಟ್ಟ ಮಾತು ಉಳಿಸಿಕೊಂಡರೆ ಮತ್ತೆ ಮತ, ಇಲ್ಲದಿದ್ದರೆ ಇಲ್ಲ. ನಂಬಿಕೆ ಹುಟ್ಟುವುದು ಹೀಗೆ.

ಕ್ಯಾಲಿಫೋರ್ನಿಯಾದಲ್ಲಿಯೂ ವಸತಿ ಬಾಂಡುಗಳಿಗೆ ನೂರಕ್ಕೆ 55 ಮತ ಸಾಕೆಂದು ಮಾಡುವ ‘ಪ್ರೊಪೊಸಿಷನ್ 5’ 2024ರ ನವೆಂಬರಿನಲ್ಲಿ ಬಂದಿತ್ತು, ಮತದಾರರು ತಿರಸ್ಕರಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಒಂಬತ್ತು ಕೌಂಟಿಗಳಿಗೆ ಸೇರಿ 2,000 ಕೋಟಿ ಡಾಲರಿನ ಬಾಂಡ್ ಪ್ರಸ್ತಾವವೊಂದನ್ನು ಅದೇ ವರ್ಷದ ಆಗಸ್ಟಿನಲ್ಲಿ ಮತದಾನಕ್ಕೆ ಮೊದಲೇ ಹಿಂತೆಗೆದುಕೊಳ್ಳಲಾಯಿತು.

ನಮಗೇನು?

ನಮ್ಮ ನಾಡಿನಲ್ಲಿ ಬಡವರ ವಸತಿಗೆ ಬೇರೆಯದೇ ದಾರಿ. ದೇವರಾಜ ಅರಸು ಅವರ ಕಾಲದ ಜನತಾ ಮನೆಗಳಾಗಲಿ, ತೊಂಬತ್ತರ ದಶಕದ ಆಶ್ರಯ ಮನೆಗಳಾಗಲಿ ಸರ್ಕಾರದ ಬೊಕ್ಕಸದಿಂದ ಬಂದವು. ಗ್ರಾಮಸಭೆಯಲ್ಲಿ ಕೈಯೆತ್ತಿ ನಾವು ಆರಿಸುವುದು ಯಾರಿಗೆ ಮನೆ ಎಂಬುದನ್ನು. ಅದಕ್ಕಾಗಿ ನಾನು ಇಷ್ಟು ಕೊಡುತ್ತೇನೆಂದು ಯಾರೂ ಅಲ್ಲಿ ಮತ ಹಾಕುವುದಿಲ್ಲ. ನಮ್ಮ ಪದ್ಧತಿಯಲ್ಲಿ ಕೊಡುವವನಿಗೆ ಪಡೆಯುವವನ ಪರಿಚಯವಿಲ್ಲ. ಕೊಟ್ಟದ್ದು ಸರ್ಕಾರ ಎಂದುಕೊಳ್ಳುತ್ತೇವೆ. ಅಲ್ಲಿಯ ಪದ್ಧತಿಯಲ್ಲಿ ಅಡ್ಡಿಗಳು ನೂರಿದ್ದರೂ, ಕೊಡುವವನಿಗೆ ತಾನು ಕೊಟ್ಟೆನೆಂಬ ಅರಿವು ಉಂಟು. ಕೇಳುವ ಹಕ್ಕೂ ಆಗ ಅವನಿಗೆ ಬರುತ್ತದೆ.

ಅಲ್ಲಿಯ ಪೌರತ್ವ ಪಡೆದ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಗೆ ಅಂಚೆಯಲ್ಲಿ ಮತಪತ್ರ ಬಂದಾಗ ಅಭ್ಯರ್ಥಿಗಳ ಹೆಸರಿನಲ್ಲೇ ನಿಂತುಬಿಡಬೇಡಿ. ಕೆಳಗಿನ ಪ್ರಶ್ನೆಗಳನ್ನೂ ಓದಿ. ಈ ಪ್ರಶ್ನೆ ನನ್ನ ಹಣವನ್ನು ಕೇಳುತ್ತಿದೆಯೆ, ನನ್ನ ನೆರೆಯನ್ನು ಕೇಳುತ್ತಿದೆಯೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ‘ಇಲ್ಲ’ ಎನ್ನಲು ಸಕಾರಣವಿದ್ದರೆ ಹಾಗೆಯೇ ಅನ್ನಿ, ಅದು ನಿಮ್ಮ ಹಕ್ಕು. ಆದರೆ ಹಣಕ್ಕೆ ‘ಹೌದು’ ಎಂದವರು, ನಾಳೆ ನಿಮ್ಮ ಬೀದಿಯ ಕೊನೆಯಲ್ಲಿ ಆ ಮನೆ ಏಳುವಾಗ, ಅದರ ವಿರುದ್ಧದ ಮನವಿಗೆ ಸಹಿ ಹಾಕುವ ಮೊದಲು ಒಂದು ಕ್ಷಣ ನಿಲ್ಲಿ. ಭಾರತೀಯನೊಬ್ಬ ಅಲ್ಲಿ ಒಂದು ಎಕರೆ ಭೂಮಿ ಕೊಳ್ಳಬಾರದೆಂದು ಇದೇ ಪೆಟ್ಟಿಗೆ ಒಂದು ಕಾಲದಲ್ಲಿ ಹೇಳಿತ್ತೆಂಬುದು ಆಗ ನೆನಪಿರಲಿ.